ಕೆಂಪು ಉಳಿದ ದಿನ

ನನ್ನ ತಂಗಿಯ ಗರ್ಭದ ನೀರು ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬಂದ ಬೇಸಿಗೆಯಲ್ಲೇ ನಮ್ಮಲ್ಲಿ ಕೆಂಪು ಬಣ್ಣ ಮಾಸಲು ಶುರುವಾಗಿತ್ತು. ಇದು ಬರೀ ಕಾಕತಾಳೀಯ ಎಂದು ನನಗೆ ಗೊತ್ತು. ಆದರೂ ಆ ಎರಡನ್ನೂ ಬೇರೆ ಬೇರೆಯಾಗಿ ನೆನೆಸಿಕೊಳ್ಳಲು ನನಗೆ ಈವರೆಗೂ ಆಗಿಲ್ಲ.

ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ವಂಶವಾಹಿ ಪರೀಕ್ಷೆಯ ಟೆಕ್ನಿಷಿಯನ್. ವಿಭಾಗ ಎಂದು ಹಲಗೆ ಹಾಕಿದ್ದಾರೆ, ಇರುವುದು ಎರಡು ಕೋಣೆ. ಆಪರೇಷನ್ ಥೇಟರಿನ ಹಿಂದಿನ ಓಣಿಯಂಥ ಜಾಗದಲ್ಲಿ ಒಂದು ಸ್ಕ್ಯಾನರು, ಒಂದು ಸೂಕ್ಷ್ಮದರ್ಶಕ, ಎರಡು ಫ್ರಿಜ್ಜು. ನಮ್ಮ ಮುಖ್ಯಸ್ಥೆ ಧಾರವಾಡದ ಕಡೆಯ ಡಾಕ್ಟರು, ನಡುವಯಸ್ಸಿನವರು, ಮಾತು ಕಡಿಮೆ. ನಮ್ಮ ಹತ್ತಿರ ಬರುವವರೆಲ್ಲ ಸಾಮಾನ್ಯವಾಗಿ ಕೂಸುಗಳನ್ನು ಕಳೆದುಕೊಂಡವರೇ. ಮುಧೋಳ, ಬೀಳಗಿ, ಬನಹಟ್ಟಿ, ಹಿಪ್ಪರಗಿ ಕಡೆಯಿಂದ ಬರುತ್ತಾರೆ. ಗಂಡಸರು ಹೊರಗೆ ಬೈಕಿನ ಹತ್ತಿರ ನಿಂತಿರುತ್ತಾರೆ. ಹೆಂಗಸರು ಒಳಗೆ ಬಂದು, ಕೇಳುವ ಮೊದಲೇ, "ತಪ್ಪ ನಂದ ಏನ್ರಿ?" ಎನ್ನುತ್ತಾರೆ.

ಪರೀಕ್ಷೆ ಹೇಗೆಂದು ತಂಗಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಗರ್ಭದ ನೀರಿನಲ್ಲಿ ಸಿಗುವ ಕೂಸಿನ ಡಿಎನ್‌ಎಗೆ ಕೆಂಪಗೆ ಹೊಳೆಯುವ ಬಣ್ಣ ಹತ್ತಿಸುತ್ತೇವೆ. ಆರೋಗ್ಯವಂತರೊಬ್ಬರ ಡಿಎನ್‌ಎಗೆ ಹಸಿರು. ಎರಡನ್ನೂ ಕಲೆಸಿ ಒಂದು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ತೊಳೆದು ಒಣಗಿಸಿ ಸ್ಕ್ಯಾನರಿನಲ್ಲಿ ಇಡುತ್ತೇವೆ. ಕೆಂಪು ಹಸಿರು ಸಮ ಬಂದ ಕಡೆ ಎಲ್ಲ ಸರಿ. ಕೆಂಪು ಕಡಿಮೆ ಬಿದ್ದಲ್ಲಿ ವರ್ಣತಂತುವಿನ ಆ ತುಂಡು ಕೂಸಿನಲ್ಲಿ ಇಲ್ಲ. ಕೆಂಪು ಹೆಚ್ಚಾದಲ್ಲಿ ತುಂಡು ಹೆಚ್ಚಿಗೆ ಇದೆ. ಹೀಗಾಗಿ ಬಣ್ಣ ತಾನಾಗಿ ಮಾಸಿಬಿಟ್ಟರೆ ಕೂಸಿನ ಬಗ್ಗೆ ಏನೂ ಹೇಳಲಿಕ್ಕೆ ಬರುವುದಿಲ್ಲ.

ಅದಕ್ಕೇ ನಮ್ಮ ಕೋಣೆಯಲ್ಲಿ ಕಿಟಕಿಗಳಿಗೆ ಕರಿ ಹಾಳೆ ಅಂಟಿಸಿದ್ದೇವೆ. ಬಣ್ಣದ ಕೊಳವೆಗಳಿಗೆ ಬೆಳ್ಳಿ ಕಾಗದ ಸುತ್ತುತ್ತೇವೆ. ಬೆಳಕು ಬಿದ್ದರೆ ಬಣ್ಣ ಹೋಗುತ್ತದೆ, ಕಾವು ಹೆಚ್ಚಾದರೂ ಹೋಗುತ್ತದೆ. ಕರೆಂಟು ಹೋದರೆ ಮೊದಲು ನಾವು ಓಡುವುದು ಫ್ರಿಜ್ಜಿನ ಕಡೆಗೆ.

ತಂಗಿ ನನಗಿಂತ ಬಹಳ ಚಿಕ್ಕವಳು. ರಬಕವಿಯ ನಮ್ಮ ಮನೆಯಲ್ಲಿ ನಾನು ಮೊದಲನೆಯವಳು, ಅವಳು ಕೊನೆಯವಳು. ನಡುವೆ ಅವ್ವನಿಗೆ ಮಕ್ಕಳಾಗಿ ಉಳಿಯಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದವಳು ಅಪ್ಪನ ತಾಯಿ, ನಮ್ಮ ಆಯಿ ಒಬ್ಬಳೇ. ಅದೂ ಬೇರೆ ಯಾವುದೋ ಸಿಟ್ಟಿನಲ್ಲಿ, ರೊಟ್ಟಿ ಕರಕಾಗಿದ್ದಕ್ಕೋ ನೀರು ಚೆಲ್ಲಿದ್ದಕ್ಕೋ, "ನಿನ್ನ ಕೈಯಾಗ ಏನೂ ಉಳಿಯೂದಿಲ್ಲ" ಎಂದು ಅವ್ವನಿಗೆ ಅನ್ನುತ್ತಿದ್ದಳು. ಅಪ್ಪ ಮಗ್ಗದ ಕೋಣೆಯಲ್ಲಿರುತ್ತಿದ್ದ. ನಾಲ್ಕೂ ಮಗ್ಗ ಒಮ್ಮೆಲೇ ಓಡುವಾಗ ಯಾರ ಮಾತು ಯಾರಿಗೆ ಕೇಳಬೇಕು?

ತಂಗಿಯನ್ನು ಬೀಳಗಿಗೆ ಕೊಟ್ಟಿದ್ದೆವು. ಅವಳ ಗಂಡ ಟ್ರ್ಯಾಕ್ಟರು ರಿಪೇರಿ ಮಾಡುತ್ತಾನೆ, ಒಳ್ಳೆಯವನು. ಮೊದಲನೆಯ ಸಲ ಮೂರನೇ ತಿಂಗಳಿಗೇ ಹೋಯಿತು. ಎರಡನೆಯದು ಗಂಡು. ಹುಟ್ಟಿದಾಗ ಬಹಳ ಸಣ್ಣಗಿತ್ತು, ಮೇಲ್ತುಟಿ ಸೀಳಿತ್ತು, ಹಾಲು ಎಳೆಯಲಾಗುತ್ತಿರಲಿಲ್ಲ. ತಂಗಿ ಚಮಚೆಯಿಂದ ಹನಿಹನಿಯಾಗಿ ಕುಡಿಸುತ್ತಿದ್ದಳು. ಒಂದು ಗುಟುಕು ಇಳಿಸಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ಫಿಟ್ಸ್ ಬರುತ್ತಿದ್ದವು. ಕಬ್ಬು ಕಡಿಯುವ ಹಂಗಾಮು ಮುಗಿಯುವ ಮೊದಲೇ ಕೂಸು ತೀರಿಕೊಂಡಿತು. ರಕ್ತ ತೆಗೆದು ಪರೀಕ್ಷೆ ಮಾಡೋಣವೆಂದು ನಾನು ಫೋನಿನಲ್ಲಿ ಹೇಳುವಷ್ಟರಲ್ಲಿ ಅವರು ಮಣ್ಣು ಮಾಡಿ ಬಂದಿದ್ದರು.

ಮೂರನೆಯ ಸಲ ಬಸಿರಾದಾಗ ಅವಳೇ ಫೋನು ಮಾಡಿದಳು.

"ಅಕ್ಕಾ, ಈ ಸಲ ನೀನ ನೋಡಬೇಕು. ಬ್ಯಾರೇದವರು ನೋಡೂದು ಬ್ಯಾಡ."

ನಮ್ಮ ಆಸ್ಪತ್ರೆಯಲ್ಲೇ ಗರ್ಭದ ನೀರು ತೆಗೆದರು. ಸೂಜಿ ಹಾಕುವಾಗ ಅವಳು ನನ್ನ ಕೈ ಹಿಡಿದಿದ್ದಳು. ಆಮೇಲೆ ನಾನೇ ಆ ಕೊಳವೆ ಹಿಡಿದುಕೊಂಡು ಓಣಿ ದಾಟಿ ಒಳಗೆ ಬಂದೆ. ತಿಳಿ ಹಳದಿ ನೀರು.

ಮುಖ್ಯಸ್ಥೆ ಕೇಳಿದರು, "ನಿಮ್ಮ ತಂಗಿದು. ನೀವ ಮಾಡ್ತೀರೋ, ನಾ ಮಾಡ್ಲೋ?"

"ಇಬ್ರೂ ಕೂಡೇ ಮಾಡೋಣ್ರಿ" ಎಂದೆ.

ಮಾಡಿದೆವು. ಸ್ಕ್ಯಾನರಿನಿಂದ ಚಿತ್ರ ಬಂತು. ಗಾಜಿನ ಪಟ್ಟಿಯ ತುಂಬ ಹಸಿರು. ಕೆಂಪು ಅಲ್ಲಲ್ಲಿ ತೇಪೆಯ ಹಾಗೆ ಉಳಿದಿತ್ತು, ಅಂಚಿನಲ್ಲಂತೂ ಏನೂ ಇಲ್ಲ. ಅದು ಕೂಸಿನ ರೋಗ ತೋರಿಸುವ ಚಿತ್ರ ಅಲ್ಲವೇ ಅಲ್ಲ. ಅಷ್ಟೆಲ್ಲ ತುಂಡು ಇಲ್ಲದೆ ಯಾವ ಜೀವವೂ ಉಳಿಯುವುದಿಲ್ಲ. ಬಣ್ಣ ಹೋಗಿತ್ತು, ಅಷ್ಟೇ.

ಸಂಜೆ ತಂಗಿ ಫೋನು ಮಾಡಿದಳು. "ಏನ ಬಂತು?"

"ಏನೂ ಬಂದಿಲ್ಲ. ಬಣ್ಣ ಕೆಟ್ಟೈತಿ. ಮತ್ತ ಮಾಡಬೇಕು."

"ಬಣ್ಣ ಕೆಟ್ಟೈತೆಂದ್ರ ಕೂಸು ಛಲೋ ಐತಿ ಅಂತನಾ?"

"ಹಂಗಲ್ಲ. ಗೊತ್ತಾಗಿಲ್ಲ ಅಂತ."

ಅವಳು ಫೋನು ಇಟ್ಟ ಮೇಲೂ ನನಗೆ ಅವಳ ದನಿಯಲ್ಲಿದ್ದ ಆಸೆ ಕೇಳುತ್ತಲೇ ಇತ್ತು.

ಮೊದಲು ನಾವು ಬಣ್ಣವನ್ನೇ ಸಂಶಯಿಸಿದೆವು. ಬೆಂಗಳೂರಿನಿಂದ ಐಸಿನ ಪೆಟ್ಟಿಗೆಯಲ್ಲಿ ಬಂದದ್ದು, ದಾರಿಯಲ್ಲಿ ಐಸು ಕರಗಿರಬೇಕು ಎಂದುಕೊಂಡು ಹೊಸದನ್ನು ತರಿಸಿದೆವು. ಬೇರೆಯವರೊಬ್ಬರ ಮಾದರಿಗೆ ಅದನ್ನೇ ಬಳಸಿದೆವು. ಅದೂ ಮಾಸಿತು. ಕಿಟಕಿಯ ಕರಿ ಹಾಳೆಯ ಮೇಲೆ ಮತ್ತೊಂದು ಹಾಳೆ ಅಂಟಿಸಿದೆವು. ಸ್ಕ್ಯಾನರಿನ ಲೇಸರು ತಪಾಸಣೆ ಮಾಡಲು ಮೆಕ್ಯಾನಿಕನನ್ನು ಕರೆಸಿದೆವು. ಲೇಸರು ಸರಿಯಾಗಿತ್ತು. ಬೆಂಗಳೂರಿನ ಲ್ಯಾಬಿಗೆ ಮಾದರಿ ಕಳಿಸೋಣವೆಂದು ಕೇಳಿದರೆ ಅಲ್ಲಿ ಕಾಯುವವರ ಸಾಲು ದೊಡ್ಡದಿತ್ತು. ನಮ್ಮಲ್ಲಿ ಉಳಿದಿದ್ದ ತಂಗಿಯ ಮಾದರಿಯೂ ಸ್ವಲ್ಪ. ಅದರಲ್ಲಿನ ಜೀವಕೋಶಗಳನ್ನು ಬೆಳೆಯಲು ಬಿಟ್ಟಿದ್ದೆವು. ಅವು ಬೆಳೆಯಲು ತಮ್ಮ ಹೊತ್ತು ತೆಗೆದುಕೊಳ್ಳುತ್ತವೆ, ಅವಸರ ಮಾಡಿದರೆ ಆಗುವುದಿಲ್ಲ. ಅತ್ತ ತಂಗಿಯ ಹೊಟ್ಟೆ ಕಾಣತೊಡಗಿತ್ತು.

ಬೆಳಗ್ಗೆ ಒಣಗಿಸಿದ ಪಟ್ಟಿಗಳು ಮಧ್ಯಾಹ್ನದವುಗಳಷ್ಟು ಕೆಡುವುದಿಲ್ಲ ಎಂಬುದನ್ನು ಮುಖ್ಯಸ್ಥೆ ಗಮನಿಸಿದರು. ಹಳೆಯ ಚಿತ್ರಗಳನ್ನೆಲ್ಲ ತೆಗೆದು ಹೊತ್ತಿನ ಪ್ರಕಾರ ಜೋಡಿಸಿ ನೋಡಿದರು. ಊಟದ ಹೊತ್ತಿನ ಮೇಲಿನವೆಲ್ಲ ಮಾಸಿದ್ದವು. "ಊಟದ ಮ್ಯಾಲೆ ಇಲ್ಲಿ ಏನ ಆಗ್ತೈತಿ?" ಎಂದು ನನ್ನನ್ನು ಕೇಳಿದರು. ನಾನು ಬಾಗಿಲು ತೆರೆದು ಓಣಿಯಲ್ಲಿ ನಿಂತೆ. ಅಲ್ಲಿ ದಿನಾಲೂ ಬರುವ ವಾಸನೆಯೇ ಇತ್ತು: ಮಗ್ಗದ ಮೋಟರು ಕಿಡಿ ಹಾರಿಸಿದಾಗ ಬರುವಂಥದ್ದು, ಮೂಗಿನ ತುದಿಗೆ ಚುಚ್ಚುವಂಥದ್ದು. ರೂಢಿಯಾಗಿ ನಾವು ಅದನ್ನು ವಾಸನೆ ಎಂದೇ ಗಣಿಸುತ್ತಿರಲಿಲ್ಲ.

ಕೊರೋನಾ ಮುಗಿದ ಮೇಲೆ ಆಸ್ಪತ್ರೆಯವರು ಗಾಳಿ ಶುದ್ಧ ಮಾಡುವ ಓಝೋನ್ ಯಂತ್ರ ತಂದು ಥೇಟರಿನ ಓಣಿಯಲ್ಲಿ ಹಾಕಿದ್ದರು. ಮಧ್ಯಾಹ್ನ ನೋಡಲು ಬರುವವರು ಹೊರಟ ಮೇಲೆ ಅದನ್ನು ಹಚ್ಚುತ್ತಿದ್ದರು. ನಮ್ಮ ಕೋಣೆಗೆ ಆ ಬೇಸಿಗೆ ಕೂಡಿಸಿದ ಹೊಸ ಎಸಿ ಆ ಓಣಿಯ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಮುಖ್ಯಸ್ಥೆ ಹಣೆ ಹಿಡಿದುಕೊಂಡು ಕುಳಿತರು. ಓಝೋನ್ ಈ ಕೆಂಪು ಬಣ್ಣವನ್ನು ತಿಂದುಹಾಕುತ್ತದೆ, ಹಸಿರನ್ನು ಅಷ್ಟಾಗಿ ಮುಟ್ಟುವುದಿಲ್ಲ ಎಂದು ಅವರು ಓದಿದ್ದರು. "ಇದು ದೊಡ್ಡ ಶಹರದ ಹೊಗಿಯಾಗ ಇರೂ ಮಂದಿಗೆ ಬರೂ ತೊಂದ್ರಿ ಅನ್ಕೊಂಡಿದ್ನಿ" ಎಂದರು. ಖಾತ್ರಿ ಮಾಡಿಕೊಳ್ಳಲು, ಬೆಳಗ್ಗೆ ತಯಾರಿಸಿದ ಒಂದು ಪಟ್ಟಿಯನ್ನು ಓಝೋನ್ ಹೀರುವ ಇದ್ದಿಲು ಪುಡಿ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು, ಅಂಥದೇ ಇನ್ನೊಂದನ್ನು ಹೊರಗಿಟ್ಟೆವು. ಊಟ ಮುಗಿಸಿ ಬಂದು ಎರಡನ್ನೂ ಸ್ಕ್ಯಾನು ಮಾಡಿದೆವು. ಹೊರಗಿದ್ದದ್ದರಲ್ಲಿ ಕೆಂಪು ಇರಲಿಲ್ಲ.

ಆಸ್ಪತ್ರೆಯ ಆಡಳಿತ ನೋಡುವವರ ಹತ್ತಿರ ಇಬ್ಬರೂ ಹೋದೆವು. ಅವರು ಯಂತ್ರ ತರಿಸಿದ್ದನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

"ಮಂದಿ ಆ ವಾಸನಿ ಬಂತಂದ್ರನ ದವಾಖಾನಿ ಸ್ವಚ್ಛ ಐತಿ ಅಂತಾರ್ರಿ. ನಿಮ್ಮ ಎರಡ ಗಾಜಿನ ಚೂರಿಗೆ ಅದನ್ನ ಬಂದ್ ಮಾಡ್ಲ್ಯಾ?"

"ಆ ಗಾಜಿನ ಮ್ಯಾಲೆ ಒಂದ ಕೂಸ ಐತ್ರಿ" ಎಂದರು ಮುಖ್ಯಸ್ಥೆ. ಅವರ ದನಿ ಏರಿದ್ದನ್ನು ನಾನು ಅದೊಮ್ಮೆಯೇ ಕೇಳಿದ್ದು.

ಯಂತ್ರ ಪೂರ್ತಿ ನಿಲ್ಲಲಿಲ್ಲ. ನಾವು ಪಟ್ಟಿ ಒಣಗಿಸುವ ದಿನ ಹಚ್ಚುವುದಿಲ್ಲ ಎಂದು ಒಪ್ಪಿಕೊಂಡರು. ನಾವು ಅಷ್ಟಕ್ಕೇ ನಂಬಿ ಕೂಡಲಿಲ್ಲ. ಅಕ್ರಿಲಿಕ್ಕಿನ ಒಂದು ದೊಡ್ಡ ಪೆಟ್ಟಿಗೆ ಮಾಡಿಸಿ, ಒಳಗೆ ಗಾಳಿ ಇದ್ದಿಲಿನ ಫಿಲ್ಟರು ದಾಟಿಯೇ ಬರುವಂತೆ ಫ್ಯಾನು ಕೂಡಿಸಿದೆವು. ಕೈ ತೂರಿಸಲು ಎರಡು ತೂತು, ಅವಕ್ಕೆ ರಬ್ಬರಿನ ತೋಳು. ತೊಳೆದು ಒಣಗಿಸುವ ಕೆಲಸವೆಲ್ಲ ಅದರೊಳಗೇ. ಒಣಗಿದ ಪಟ್ಟಿಯನ್ನು ಬಣ್ಣ ಕಾಯುವ ಒಂದು ದ್ರಾವಣದಲ್ಲಿ ಅದ್ದಿ ತೆಗೆದರೆ ಅದರ ಮೇಲೆ ತೆಳ್ಳಗಿನ ಪೊರೆ ಕೂಡುತ್ತದೆ. ಅದನ್ನೂ ತರಿಸಿದೆವು. ಇಷ್ಟಾಗುವಾಗ ತಂಗಿಗೆ ಐದನೇ ತಿಂಗಳು ಮುಗಿಯುತ್ತ ಬಂದಿತ್ತು. "ಒದಿಯಾಕತ್ತೈತಿ" ಎಂದು ಒಂದು ದಿನ ಫೋನಿನಲ್ಲಿ ಹೇಳಿದಳು. ಖುಷಿಯಿಂದ ಹೇಳಿ, ಆಮೇಲೆ ಹೆದರಿ ಫೋನು ಇಟ್ಟುಬಿಟ್ಟಳು.

ಬೆಳೆದ ಕೋಶಗಳಿಂದ ತೆಗೆದ ಡಿಎನ್‌ಎ ಇನ್ನೊಂದು ಪರೀಕ್ಷೆಗೆ ಮಾತ್ರ ಸಾಲುವಂತಿತ್ತು. ಎರಡನೆಯ ಸಲದ ಕೆಲಸವನ್ನು ನಸುಕಿನಲ್ಲೇ ಶುರು ಮಾಡಿದೆವು. ಓಣಿಯಲ್ಲಿ ಇನ್ನೂ ಕಸ ಹೊಡೆಯುವವರು ಬಂದಿರಲಿಲ್ಲ. ರಬ್ಬರಿನ ತೋಳುಗಳಲ್ಲಿ ನನ್ನ ಕೈ ಬೆವೆತು ಜಾರುತ್ತಿತ್ತು. ಪಟ್ಟಿಯನ್ನು ದ್ರಾವಣದಲ್ಲಿ ಅದ್ದಿ, ನಿಧಾನವಾಗಿ ನೆಟ್ಟಗೆ ಎತ್ತಿ, ಸ್ಕ್ಯಾನರಿಗೆ ಕೊಟ್ಟೆ. ಚಿತ್ರ ಪರದೆಯ ಮೇಲೆ ಮೇಲಿನಿಂದ ಕೆಳಗೆ ಸಾಲುಸಾಲಾಗಿ ತೆರೆಯತೊಡಗಿತು.

ಕೆಂಪು ಉಳಿದಿತ್ತು. ಅಂಚಿನವರೆಗೂ ಉಳಿದಿತ್ತು. ಅಷ್ಟು ಸ್ವಚ್ಛವಾದ ಚಿತ್ರ ನಾವು ಆ ವರ್ಷ ನೋಡಿರಲಿಲ್ಲ. ಮುಖ್ಯಸ್ಥೆ ನನ್ನ ಬೆನ್ನು ತಟ್ಟಿದರು. ಒಂದು ಗಳಿಗೆ, ಖರೆ ಹೇಳಬೇಕೆಂದರೆ, ನಾನು ನಕ್ಕೆ. ಆಮೇಲೆ ಕಂಪ್ಯೂಟರು ಲೆಕ್ಕ ಹಾಕಿ ವರ್ಣತಂತುಗಳನ್ನು ಒಂದೊಂದಾಗಿ ತೋರಿಸಿತು. ನಾಲ್ಕನೆಯದರ ತುದಿಯಲ್ಲಿ ಕೆಂಪು ಕುಸಿದಿತ್ತು. ಎರಡು ಪ್ರತಿ ಇರಬೇಕಾದ ಆ ತುಂಡು ಕೂಸಿನಲ್ಲಿ ಒಂದೇ ಇತ್ತು. ಎಂಟನೆಯದರ ತುದಿ ಹೆಚ್ಚಿಗೆ ಇತ್ತು. ಆ ಜೋಡಿ ಯಾವ ಮುಖ ಕೊಡುತ್ತದೆ, ಹೇಗೆ ಫಿಟ್ಸ್ ತರುತ್ತದೆ ಎಂದು ತಿಳಿಯಲು ನನಗೆ ಪುಸ್ತಕ ಬೇಕಿರಲಿಲ್ಲ. ಬೀಳಗಿಯಲ್ಲಿ ಚಮಚೆಯಿಂದ ಹಾಲು ಕುಡಿದ ಕೂಸು ನನ್ನ ಕಣ್ಣ ಮುಂದೆ ಬಂತು.

ಮುಖ್ಯಸ್ಥೆ ಎದ್ದು ಹೋಗಿ ನೀರು ತಂದು ಕೊಟ್ಟರು.

ಮರುದಿನ ತಂಗಿಯೂ ಅವಳ ಗಂಡನೂ ಬಂದರು. ಸ್ತ್ರೀರೋಗದ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು: ಕೂಸು ಹುಟ್ಟಿದರೂ ಹೇಗಿರುತ್ತದೆ, ತೆಗೆಸುವುದಾದರೆ ಕಾನೂನಿನ ಅವಕಾಶ ಇನ್ನೂ ಇದೆ, ನಿರ್ಧಾರ ನಿಮ್ಮದು. ತಂಗಿ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ಬಣ್ಣ ಹೋಗಿರಬೇಕು ಅಕ್ಕಾ. ಹಿಂದಕೂ ಹಂಗ ಆಗಿತ್ತಲ್ಲ? ನೀನ ಅಂದಿದ್ದಿ, ಬಣ್ಣ ಹೋದ್ರ ಇಲ್ಲದ್ದು ತೋರಿಸ್ತೈತಿ ಅಂತ."

"ಈ ಸಲ ಹೋಗಿಲ್ಲ."

"ಮತ್ತೊಮ್ಮಿ ನೋಡು."

"ನೋಡೇನಿ. ಇಬ್ರೂ ನೋಡೇವಿ. ಬಣ್ಣ ಎಲ್ಲೂ ಹೋಗಿಲ್ಲ, ತಂಗಿ."

ಅವಳ ಗಂಡ ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದ. ಅವನ ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು. "ಅಕಿಗೆ ಮತ್ತ ಅದ ತ್ರಾಸ ಬ್ಯಾಡ್ರಿ" ಎಂದ, ಡಾಕ್ಟರಿಗೆ. ಅಷ್ಟು ಹೇಳಿ ಹೊರಗೆ ಹೋದ. ತಂಗಿ ರಬಕವಿಗೆ ಹೋಗಿ ಅವ್ವನ ಮಗ್ಗುಲಲ್ಲಿ ಮಲಗಿ, ಎರಡು ದಿನದ ಮೇಲೆ ತಾನೇ ಬಂದು ದಾಖಲಾದಳು.

ಹೆರಿಗೆಯ ನೋವು ಬರಿಸಿಯೇ ತೆಗೆಯಬೇಕು. ಅದು ಗೊತ್ತಿದ್ದೂ ಅವಳು ಅಷ್ಟು ನೋವು ತಿನ್ನುವುದನ್ನು ನೋಡಲು ನನಗೆ ಧೈರ್ಯ ಇರಲಿಲ್ಲ. ಆದರೂ ಜೊತೆಗಿದ್ದೆ. ಹೆಣ್ಣು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ, "ನೋಡ್ತೀರೇನ್ರಿ?" ಎಂದು ಕೇಳಿದಳು. ತಂಗಿ ನೋಡುತ್ತೇನೆ ಎಂದಳು. ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದಳು. ಅತ್ತಳೋ ಇಲ್ಲವೋ ನನಗೆ ತಿಳಿಯದು, ನಾನೇ ಗೋಡೆ ಕಡೆ ತಿರುಗಿದ್ದೆ.

ಇದು ಹೀಗೆ ಮತ್ತೆ ಮತ್ತೆ ಬರಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರಲ್ಲಿ ಆ ಎರಡು ತುದಿಗಳು ಅದಲುಬದಲಾಗಿರಬೇಕು ಎಂದು ಮುಖ್ಯಸ್ಥೆ ಹೇಳಿದರು. ಅಂಥವರಿಗೆ ಏನೂ ಆಗಿರುವುದಿಲ್ಲ. ತುಂಡುಗಳೆಲ್ಲ ಇರುತ್ತವೆ, ಜಾಗ ಬೇರೆಯಷ್ಟೇ. ಮಕ್ಕಳಿಗೆ ಹಂಚುವಾಗ ಲೆಕ್ಕ ತಪ್ಪುತ್ತದೆ. ಗಂಡ ಹೆಂಡತಿ ಇಬ್ಬರ ರಕ್ತ ತೆಗೆದುಕೊಂಡೆವು. ಅದಲುಬದಲು ಇರುವುದು ತಂಗಿಯಲ್ಲೇ ಎಂದು ಬಂತು. ಹಾಗಾದರೆ ಅವಳಿಗೆ ಅದು ಅಪ್ಪನಿಂದ ಬಂದಿರಬೇಕು, ಇಲ್ಲ ಅವ್ವನಿಂದ.

ರಕ್ತ ತೆಗೆಯಲು ರಬಕವಿಗೆ ನಾನೇ ಹೋದೆ. ಅವ್ವ ತೋಳು ಚಾಚುತ್ತ, "ನಂದ ಇರ್ತೈತಿ ಬಿಡು. ಯಾಕ ಅವರಿಗೂ ಚುಚ್ಚತಿ?" ಎಂದಳು. ಅಪ್ಪ ಮಗ್ಗ ನಿಲ್ಲಿಸಿ ಬಂದು ಅಂಗಿಯ ತೋಳು ಏರಿಸಿ ಕುಳಿತ. ನನ್ನ ರಕ್ತವನ್ನೂ ನಾನು ಅದರ ಜೊತೆಗೇ ಕೊಟ್ಟೆ. ನನಗೆ ಒಬ್ಬ ಮಗಳಿದ್ದಾಳೆ.

ಈ ಪರೀಕ್ಷೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ನಾಲ್ಕನೆಯದರ ತುದಿಗೆ ಕೆಂಪು ಚುಕ್ಕೆ, ಎಂಟನೆಯದರ ತುದಿಗೆ ಹಸಿರು. ದೀಪ ಆರಿಸಿ, ಬಣ್ಣ ಕಾಯುವ ಅಂಟು ಹಾಕಿದ ಗಾಜನ್ನು ಕೆಳಗಿಟ್ಟು, ಬೇಗ ಬೇಗ ನೋಡಬೇಕು. ಹೆಚ್ಚು ಹೊತ್ತು ನೋಡಿದರೆ ನೋಡುವ ಬೆಳಕೇ ಚುಕ್ಕೆಗಳನ್ನು ಅಳಿಸುತ್ತದೆ. ಅವ್ವನ ಗಾಜಿನಲ್ಲಿ ಎಲ್ಲ ತಂತಮ್ಮ ಜಾಗದಲ್ಲಿದ್ದವು. ನನ್ನದರಲ್ಲಿಯೂ. ಅಪ್ಪನದರಲ್ಲಿ ಒಂದು ಕೆಂಪು ಚುಕ್ಕೆ ಹಸಿರಿನ ಜಾಗದಲ್ಲಿ ಕುಳಿತಿತ್ತು, ಒಂದು ಹಸಿರು ಕೆಂಪಿನ ಜಾಗದಲ್ಲಿ. ಯಾವ ಕೋಶ ನೋಡಿದರೂ ಅದೇ.

ತಂಗಿಗೆ ಮೊದಲು ಹೇಳಿದೆ. ಅವಳು ಕೇಳಿದ್ದು ಅಪ್ಪನ ಬಗ್ಗೆ ಅಲ್ಲ.

"ನಿನಗಿಲ್ಲ?"

"ಇಲ್ಲ."

"ಹಂಗಾರ ನಿನ್ನ ಮಗಳಿಗೂ ಇಲ್ಲ."

"ಇಲ್ಲ."

"ಛಲೋ ಆತು" ಎಂದಳು. ಆ ಮೇಲೆ ಬಹಳ ದಿನ ನನಗೆ ಫೋನು ಮಾಡಲಿಲ್ಲ. ನಾನು ಮಾಡಿದರೆ ಅವಳ ಗಂಡ ಎತ್ತುತ್ತಿದ್ದ. ಮಲಗ್ಯಾಳ್ರಿ, ಹೊರಗ ಹೋಗ್ಯಾಳ್ರಿ ಎನ್ನುತ್ತಿದ್ದ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಒಂದೊಂದು ಸಲ ಅವಳ ದನಿ ಹಿಂದಿನಿಂದ ಕೇಳುತ್ತಿತ್ತು.

ಅಪ್ಪ ಅವ್ವನಿಗೆ ಹೇಳಲು ಹೋದಾಗ ಇಬ್ಬರೂ ಪಡಸಾಲೆಯಲ್ಲಿದ್ದರು. ಇದು ಯಾರ ತಪ್ಪೂ ಅಲ್ಲ, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದು ಮೊದಲೇ ಹೇಳಿ, ಆಮೇಲೆ ಅಪ್ಪನ ರಕ್ತದಲ್ಲಿ ಬಂದದ್ದನ್ನು ಹೇಳಿದೆ. ಅಪ್ಪ ತಲೆ ತಗ್ಗಿಸಿದ. ಅವ್ವ ನನ್ನನ್ನು ನೋಡಿದಳು, ಅವನನ್ನು ನೋಡಿದಳು.

"ಖರೆ ಏನು?"

"ಖರೆ, ಅವ್ವಾ."

"ನಿಮ್ಮ ಆಯಿ ಈಗ ಇರಬೇಕಾಗಿತ್ತು" ಎಂದಳು. ಅಪ್ಪ ಎದ್ದು ಮಗ್ಗದ ಕೋಣೆಗೆ ಹೋದ. ಮಗ್ಗ ಹಚ್ಚಿದ ಸದ್ದು ಬರಲಿಲ್ಲ. ಆ ತಿಂಗಳೆಲ್ಲ ಅವರಿಬ್ಬರ ನಡುವೆ ಊಟಕ್ಕೆ ಬಾ ಎಂಬ ಮಾತು ಬಿಟ್ಟು ಬೇರೆ ಮಾತಿರಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ತಂಗಿ ರಬಕವಿಗೆ ಬಂದದ್ದು ಮಳೆಗಾಲ ಕಳೆದ ಮೇಲೆ. ನಾನೂ ಹೋಗಿದ್ದೆ. ಅವಳು ಸೊರಗಿದ್ದಳು. ಮತ್ತೆ ಬಸಿರಾಗುವುದು ಬೇಡವೆಂದು ಗಂಡ ಹೆಂಡತಿ ಇಬ್ಬರೂ ನಿಶ್ಚಯಿಸಿದ್ದರು. ಅವನ ಮನೆಯವರು ಎರಡನೆಯ ಮದುವೆಯ ಮಾತೆತ್ತಿದ್ದಕ್ಕೆ ಅವನು ಬೀಳಗಿಯ ಅಂಗಡಿ ಬಿಟ್ಟು ಮುಧೋಳಕ್ಕೆ ಬಂದು ಬೇರೆ ಮನೆ ಹಿಡಿದಿದ್ದ. ಇದನ್ನೆಲ್ಲ ಅವಳು ನನಗಲ್ಲ, ಅವ್ವನಿಗೆ ಹೇಳುತ್ತಿದ್ದಳು. ನಾನು ಕೇಳುತ್ತ ಕುಳಿತಿದ್ದೆ. ಅಪ್ಪ ಬಾಗಿಲ ಹತ್ತಿರ ನೂಲಿನ ಉಂಡೆ ಬಿಡಿಸುತ್ತಿದ್ದ.

ಅವ್ವ ಎಲ್ಲ ಕೇಳಿ, ತಂಗಿಯ ಕೈ ಹಿಡಿದುಕೊಂಡು, ನಾನು ಹುಟ್ಟಿದಂದಿನಿಂದ ಕೇಳಿರದ ಮಾತು ಹೇಳಿದಳು.

"ನಿನ್ನ ಗಂಡಸ ಕೂಸು ಹುಟ್ಟಿದಾಗ ನಾ ದವಾಖಾನ್ಯಾಗ ಮಾರಿ ನೋಡಿದ ಕೂಡ್ಲೆ ನನಗ ಗೊತ್ತಾತು. ಅದ ಮಾರಿ. ನಂದೂ ಒಂದು ಕೂಸು ಹಂಗ ಇತ್ತು. ತುಟಿ ಹರಿದಿತ್ತು. ಯಾರಿಗೂ ತೋರಸ್ಲಿಲ್ಲ, ಸೆರಗ ಮುಚ್ಚಿ ಇಟ್ಕೊಂಡಿದ್ನಿ. ನಿಮ್ಮ ಆಯಿಗೂ ತೋರಸ್ಲಿಲ್ಲ. ಎಂಟ ದಿವಸ ಇತ್ತೋ ಏನೋ. ನಿನಗ ಹೇಳಬೇಕು ಅನಿಸಿತ್ತು. ನನ್ನ ರಗತದಿಂದನ ಬಂತು ಅಂತ ತಿಳಕೊಂಡು ಹೆದರಿ ಸುಮ್ಮನಾದ್ನಿ."

ತಂಗಿ ಕೇಳಿದಳು, "ನಿನ್ನ ಕೂಸಿಗಿ ಹಾಲು ಹ್ಯಾಂಗ ಕುಡಿಸ್ತಿದ್ದಿ?"

"ಅರಳಿ ಅದ್ದಿ" ಎಂದಳು ಅವ್ವ. "ಹತ್ತಿ ಅರಳಿ. ಚಮಚೆ ನನಗ ಹೊಳಿಲೇ ಇಲ್ಲ."

ಅಪ್ಪ ನೂಲು ಕೆಳಗಿಟ್ಟಿದ್ದ. "ನನಗೂ ತೋರಸ್ಲಿಲ್ಲ ನೀ" ಎಂದ, ಅವ್ವನಿಗೆ.

"ನೀವು ಕೇಳ್ಲಿಲ್ಲ" ಎಂದಳು ಅವ್ವ. ತಂಗಿಯ ಕೈಯನ್ನು ಬಿಡದೆ, ಆ ಕೂಸಿನ ಕೂದಲು ಹೇಗಿತ್ತು, ಯಾವ ಕಿವಿಯ ಕೆಳಗೆ ಮಚ್ಚೆ ಇತ್ತು ಎಂದು ನಿಧಾನವಾಗಿ ಹೇಳತೊಡಗಿದಳು. ಅಪ್ಪ ಎದ್ದು ಬಂದು ನಮ್ಮ ಹತ್ತಿರ ನೆಲದ ಮೇಲೆ ಕುಳಿತ.